ಅಲ್ಯೂಮಿನಿಯಂನಲ್ಲಿ ದಣಿವಿನ ಬಿರುಕು: ಹುಟ್ಟಿದ ಜಾಗ, ಬೆಳೆದ ವೇಗ, ಮರುಕಳಿಸದ ದುರಸ್ತಿ

ಬಿರುಕು ಕಂಡ ಕೂಡಲೇ ಕೈ ಡ್ರಿಲ್ ಮೆಷಿನ್ ಕಡೆ ಹೋಗುತ್ತದೆ, ಇಲ್ಲವೇ ವೆಲ್ಡಿಂಗ್ ಟಾರ್ಚ್ ಕಡೆ. ಎರಡೂ ಸಾಕ್ಷ್ಯವನ್ನು ಅಳಿಸುತ್ತವೆ. ಮೂರು ತಿಂಗಳ ಮೇಲೆ ಅದೇ ಜಾಗದಲ್ಲಿ, ಅಥವಾ ಅಲ್ಲಿಂದ ಎರಡು ಇಂಚು ಆಚೆಗೆ, ಬಿರುಕು ಮತ್ತೆ ಕಾಣುತ್ತದೆ. ಎಳೆತ ಎಲ್ಲಿಂದ ಬರುತ್ತಿತ್ತು ಎಂದು ಯಾರೂ ನೋಡಿರುವುದಿಲ್ಲ. ರಿವೆಟ್ ಹೊಡೆದ ತಗಡು, ಬೋಲ್ಟ್ ಬಿಗಿದ ಬ್ರಾಕೆಟ್, ವೆಲ್ಡ್ ಮಾಡಿದ ಫ್ರೇಮ್ ಈ ಮೂರಕ್ಕೂ ಇಲ್ಲಿನ ಕ್ರಮ ಹೊಂದುತ್ತದೆ. ಹಾರುವ ವಿಮಾನದ ಭಾಗವಾದರೆ ತಯಾರಕರ ದುರಸ್ತಿ ಕೈಪಿಡಿಯದೇ ಕೊನೆಯ ಮಾತು. ಇಲ್ಲಿರುವುದು ಆ ಕೈಪಿಡಿಯ ನಿಯಮಗಳ ಹಿಂದಿನ ಕಾರಣಗಳು.

ಮೊದಲೇ ಒಂದು ಮಾತು. ದಣಿವು ಎಂದರೆ ಮತ್ತೆ ಮತ್ತೆ ಏರಿಳಿಯುವ ಎಳೆತಕ್ಕೆ ಲೋಹ ಸೋತು ಬಿರುಕು ಬಿಡುವುದು. ಸಾಮಾನ್ಯ ಉಕ್ಕಿಗೆ ‘ಇದಕ್ಕಿಂತ ಕೆಳಗಿನ ಸ್ಟ್ರೆಸ್‌ನಲ್ಲಿ (ಲೋಹದ ಚದರಳತೆಗೆ ಬೀಳುವ ಬಲ) ಎಷ್ಟು ಸಲ ಎಳೆದರೂ ಮುರಿಯುವುದಿಲ್ಲ’ ಎಂಬ ಗಡಿ ಸಿಗುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಗಡಿ ಇಲ್ಲ. 6061-ಟಿ6ರ (6061 ಅಲಾಯ್‌ನ ಸಂಖ್ಯೆ, ಟಿ6 ಅದರ ಹೀಟ್ ಟ್ರೀಟ್‌ಮೆಂಟ್ ಸ್ಥಿತಿ) ದಣಿವಿನ ಬಲ 97 ಮೆಗಾಪ್ಯಾಸ್ಕಲ್ ಎಂದು ಪಟ್ಟಿಗಳಲ್ಲಿ ಇರುವುದು 50 ಕೋಟಿ ಆವರ್ತಗಳ ಲೆಕ್ಕಕ್ಕೆ, ಅದೂ ನುಣುಪಾಗಿ ಪಾಲಿಶ್ ಮಾಡಿದ ಪರೀಕ್ಷಾ ತುಂಡಿಗೆ. ಎಳೆತ ಒಂದು ಸಲ ಏರಿ ಇಳಿದರೆ ಒಂದು ಆವರ್ತ. ರಂಧ್ರ, ಗೀರು, ವೆಲ್ಡ್ ಇರುವ ನಿಮ್ಮ ಭಾಗಕ್ಕೆ ಆ ಸಂಖ್ಯೆಯನ್ನು ನೇರವಾಗಿ ಹಚ್ಚಬೇಡಿ.

ಮುರಿದ ಮುಖವನ್ನು ಕಾಪಾಡಿ

ಭಾಗ ಎರಡು ತುಂಡಾಗಿದ್ದರೆ ‘ಸರಿಯಾಗಿ ಕೂರುತ್ತದೆಯೇ’ ಎಂದು ತುಂಡುಗಳನ್ನು ಒಂದಕ್ಕೊಂದು ಒತ್ತಿ ನೋಡಬೇಡಿ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಅಲ್ಯೂಮಿನಿಯಂ ಮೆದು ಲೋಹ, ಒಮ್ಮೆ ಉಜ್ಜಿದರೂ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ. ಬೆರಳು, ವೈರ್ ಬ್ರಷ್, ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಯಾವುದೂ ಮುಖಕ್ಕೆ ತಾಗಬಾರದು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಬೆಳಕು ಓರೆಯಾಗಿ ಬೀಳಲಿ. ನೇರ ಫ್ಲ್ಯಾಶ್‌ನಲ್ಲಿ ಏನೂ ಕಾಣದು. ಎಣ್ಣೆಯಿದ್ದರೆ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಚೀಲದಲ್ಲಿಡಿ. ತುಂಡು ಕತ್ತರಿಸಲೇಬೇಕಾದರೆ ಬಿರುಕಿನಿಂದ ಕನಿಷ್ಠ 25 ಮಿ.ಮೀ. ದೂರದಲ್ಲಿ, ಬಿಸಿಯಾಗದಂತೆ ನಿಧಾನವಾಗಿ ಕತ್ತರಿಸಿ.

ಇದು ದಣಿವಿನ ಬಿರುಕೇ?

ಒಂದೇ ಸಲ ಅತಿ ಹೊರೆ ಬಿದ್ದು ಮುರಿದಿದ್ದರೆ ಸುತ್ತಲ ಲೋಹ ಬಾಗಿರುತ್ತದೆ, ಹಿಗ್ಗಿರುತ್ತದೆ. ಮುಖ ಮಂಕು ಬೂದು ಬಣ್ಣ, ಸುಮಾರು 45 ಡಿಗ್ರಿ ಓರೆ. ದಣಿವಿನ ಬಿರುಕಿನ ಬಳಿ ಲೋಹ ಬಾಗಿರುವುದಿಲ್ಲ. ಮುಖ ಚಪ್ಪಟೆ, ಎಳೆತದ ದಿಕ್ಕಿಗೆ ಅಡ್ಡ, ನಯ. ಅದರ ಮೇಲೆ ಕಡಲತೀರದಲ್ಲಿ ಅಲೆ ಬಿಟ್ಟುಹೋದಂಥ ಬಾಗಿದ ಗೆರೆಗಳು ಬರಿಗಣ್ಣಿಗೇ ಕಾಣಬಹುದು. ಎಲ್ಲ ಬಾಗುಗಳ ಒಳಬದಿ ಯಾವ ಬಿಂದುವಿನ ಕಡೆ ಮುಖ ಮಾಡಿದೆಯೋ ಅಲ್ಲಿ ಬಿರುಕು ಹುಟ್ಟಿದೆ. ಆದರೆ ಗೆರೆ ಇಲ್ಲ ಎಂದ ಮಾತ್ರಕ್ಕೆ ದಣಿವಲ್ಲ ಎನ್ನುವಂತಿಲ್ಲ. ಹೊರೆ ಒಂದೇ ಸಮನೆ ಇದ್ದು, ಯಂತ್ರ ನಿಲ್ಲದೆ ಓಡಿದ್ದರೆ ಈ ಗೆರೆಗಳು ಮೂಡುವುದೇ ಇಲ್ಲ.

ತೆಳು ತಗಡಿನಲ್ಲಿ ಇನ್ನೊಂದು ಸುಳಿವಿದೆ. ಬಿರುಕು ಚಪ್ಪಟೆಯಾಗಿ ಹೊರಟು, ಬೆಳೆಯುತ್ತ 45 ಡಿಗ್ರಿ ಓರೆಗೆ ತಿರುಗುತ್ತದೆ. ವೇಗ ಹೆಚ್ಚಿದ್ದು ಆ ತಿರುವಿನ ಹತ್ತಿರ. ಓರೆ ಭಾಗವನ್ನು ಮಾತ್ರ ನೋಡಿ ‘ಅತಿ ಹೊರೆ’ ಎಂದು ವರದಿ ಬರೆದು ಕೈತೊಳೆದುಕೊಂಡವರು ಕಡಿಮೆಯೇನಿಲ್ಲ.

ಸ್ಟ್ರೆಸ್ ಕೊರೋಷನ್ (ಎಳೆತ, ತುಕ್ಕು ಎರಡೂ ಕೂಡಿ ಬಿಡುವ ಬಿರುಕು) ಬೇರೆ ರೋಗ. ದಪ್ಪ ಪ್ಲೇಟ್, ಫೋರ್ಜಿಂಗ್‌ಗಳಲ್ಲಿ, ಅದರಲ್ಲೂ 7075-ಟಿ6ರಲ್ಲಿ, ದಪ್ಪದ ದಿಕ್ಕಿಗೆ ಎಳೆತ ಬಿದ್ದಾಗ ಬಿರುಕು ಲೋಹದ ಕಣಗಳ ಗಡಿ ಹಿಡಿದು ಕವಲೊಡೆಯುತ್ತ ಸಾಗುತ್ತದೆ. ಏರಿಳಿತವೇ ಬೇಡ, ಬಿಗಿದ ಬೋಲ್ಟ್‌ನ ಅಥವಾ ಒತ್ತಿ ಕೂರಿಸಿದ ಬುಷ್‌ನ ಸ್ಥಿರ ಎಳೆತ ಸಾಕು. ನಿಲ್ಲಿಸಿಟ್ಟ ಯಂತ್ರದಲ್ಲೂ ಬಿರುಕು ಬೆಳೆದಿದ್ದರೆ ಮೊದಲ ಸಂಶಯ ಇದರ ಮೇಲಿರಲಿ. ವಾಹಕತೆ ಅಳೆಯುವ ಮೀಟರ್ ಇದ್ದರೆ ಕೆಲಸ ಸುಲಭ: ತಾಮ್ರ 100 ಎಂದಾಗ 7075-ಟಿ6 ಸುಮಾರು 33 ತೋರಿಸುತ್ತದೆ, ಈ ರೋಗವನ್ನು ತಡೆಯುವ ಟಿ73 ಸ್ಥಿತಿ ಸುಮಾರು 39. ಡ್ರಾಯಿಂಗ್‌ನಲ್ಲಿ ಟಿ73 ಎಂದಿದ್ದು ಮೀಟರ್ 33 ತೋರಿಸಿದರೆ ಹೀಟ್ ಟ್ರೀಟ್‌ಮೆಂಟ್ ದಾಖಲೆ ತರಿಸಿ ನೋಡಿ.

ವೆಲ್ಡ್‌ನಲ್ಲಿ ಬಿರುಕು ಎಲ್ಲಿದೆ ಎನ್ನುವುದೇ ಅರ್ಧ ಉತ್ತರ. ವೆಲ್ಡ್‌ನ ನಡುಗೆರೆಯಲ್ಲಿ ಅಥವಾ ಕೊನೆಯ ಕುಳಿಯಲ್ಲಿ, ಬಳಕೆಗೆ ಮುಂಚೆಯೇ ಇದ್ದರೆ ಅದು ಲೋಹ ಗಟ್ಟಿಯಾಗುವಾಗ ಬಿಟ್ಟುಕೊಂಡ ಬಿಸಿ ಬಿರುಕು. 6061ನ್ನು ಫಿಲ್ಲರ್ (ಜೊತೆಗೆ ಕರಗಿಸುವ ಬೇರೆ ಅಲಾಯ್‌ನ ತಂತಿ) ಇಲ್ಲದೆ ಕರಗಿಸಿ ಕೂಡಿಸಿದರೆ ಇದು ಬಹುತೇಕ ಖಚಿತ. 4043 ಅಥವಾ 5356 ಫಿಲ್ಲರ್ ಹಾಕುವುದು ಅದಕ್ಕಾಗಿಯೇ. ದಣಿವಿನ ಬಿರುಕು ಹುಟ್ಟುವುದು ವೆಲ್ಡ್‌ನ ಅಂಚು ಮೂಲ ಲೋಹಕ್ಕೆ ಸೇರುವ ಮೂಲೆಯಲ್ಲಿ, ಕೆಲಕಾಲ ಓಡಿದ ಮೇಲೆ.

ತುದಿ ಎಲ್ಲಿದೆ

ಕಣ್ಣಿಗೆ ಕಾಣುವ ತುದಿ ನಿಜವಾದ ತುದಿಯಲ್ಲ. ಮ್ಯಾಗ್ನೆಟಿಕ್ ಪೌಡರ್ ಪರೀಕ್ಷೆ ಅಲ್ಯೂಮಿನಿಯಂಗೆ ಕೆಲಸ ಮಾಡದು. ಉಳಿಯುವುದು ಬಣ್ಣದ ಪೆನಿಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವ) ಮತ್ತು ಎಡ್ಡಿ ಕರೆಂಟ್ (ಲೋಹದಲ್ಲಿ ಸುಳಿ ವಿದ್ಯುತ್ತು ಹುಟ್ಟಿಸಿ ಬಿರುಕು ಹುಡುಕುವ ಪರೀಕ್ಷೆ).

ಪೆನಿಟ್ರಂಟ್ ಹಾಕುವ ಮುಂಚೆ ಪೇಂಟ್ ಅನ್ನು ರಾಸಾಯನಿಕದಿಂದಲೇ ತೆಗೆಯಿರಿ. ಮರಳು ಕಾಗದ, ಬೀಡ್ ಬ್ಲಾಸ್ಟ್, ವೈರ್ ವೀಲ್ ಬಳಸಿದರೆ ಮೆದು ಲೋಹ ಸವರಿಕೊಂಡು ಬಿರುಕಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ, ಪರೀಕ್ಷೆ ‘ಪಾಸ್’ ಆಗುತ್ತದೆ. ಹಚ್ಚಿದ ಮೇಲೆ ಕನಿಷ್ಠ 10 ನಿಮಿಷ ಬಿಡಿ, ಸಣ್ಣ ಬಿರುಕಿನ ಸಂಶಯವಿದ್ದರೆ 30 ನಿಮಿಷ. ಒರೆಸುವುದು ಮೊದಲು ಒಣ ಬಟ್ಟೆಯಲ್ಲಿ, ಆಮೇಲೆ ಸಾಲ್ವೆಂಟ್‌ನಲ್ಲಿ ತುಸು ಒದ್ದೆ ಮಾಡಿದ ಬಟ್ಟೆಯಲ್ಲಿ. ಸಾಲ್ವೆಂಟ್ ಅನ್ನು ನೇರವಾಗಿ ಭಾಗದ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಡೆವಲಪರ್ (ಒಳಗಿನ ಬಣ್ಣವನ್ನು ಹೀರಿ ತೋರಿಸುವ ಬಿಳಿ ಪುಡಿ) ತೆಳುವಾಗಿ ಹಾಕಿ, ಮೊದಲ ನಿಮಿಷದಿಂದಲೇ ನೋಡುತ್ತಿರಿ. ಬಣ್ಣ ಎಲ್ಲಿಂದ ಒಸರಲು ಶುರುವಾಯಿತು ಎನ್ನುವುದು ಹತ್ತು ನಿಮಿಷದ ಮೇಲೆ ಹರಡಿಕೊಂಡ ಕೆಂಪು ಕಲೆಯಲ್ಲಿ ತಿಳಿಯದು. ಹೊರೆ ಇಳಿಸಿದಾಗ ಬಿರುಕಿನ ಮುಖಗಳು ಬಿಗಿಯಾಗಿ ಮುಚ್ಚಿಕೊಳ್ಳುವುದುಂಟು, ಆದ್ದರಿಂದ ಸಾಧ್ಯವಿದ್ದರೆ ಅಲ್ಪ ಎಳೆತ ಕೊಟ್ಟೇ ಪರೀಕ್ಷಿಸಿ.

ಎಡ್ಡಿ ಕರೆಂಟ್‌ಗೆ ತೆಳು ಪೇಂಟ್ ಅಡ್ಡಿಯಲ್ಲ. ಆವೃತ್ತಿ ಆರಿಸುವುದರಲ್ಲೇ ಎಡವುವುದು ಹೆಚ್ಚು. 2024-ಟಿ3ರಲ್ಲಿ 200 ಕಿಲೋಹರ್ಟ್ಸ್ ಇಟ್ಟರೆ ವಿದ್ಯುತ್ತು ಇಳಿಯುವ ಆಳ ಸುಮಾರು 0.27 ಮಿ.ಮೀ., ಅಂದರೆ ಮೇಲ್ಮೈ ಬಿರುಕು ಮಾತ್ರ ಸಿಗುತ್ತದೆ. 1 ಕಿಲೋಹರ್ಟ್ಸ್‌ಗೆ ಇಳಿಸಿದರೆ ಸುಮಾರು 3.8 ಮಿ.ಮೀ. ಎರಡನೇ ಪದರದ ಬಿರುಕು ಬೇಕಾದರೆ ಹೀಗೆ ಇಳಿಸಲೇಬೇಕು, ಅದರ ಬೆಲೆಯಾಗಿ ಸಣ್ಣ ಬಿರುಕು ಕೈತಪ್ಪುತ್ತದೆ.

ಹುಟ್ಟಿದ್ದು ಏಕೆ ಅಲ್ಲೇ?

ರಿವೆಟ್ ತಲೆಯ ಸುತ್ತ ಕಪ್ಪು ಪುಡಿ, ಗಾಳಿ ಹೋದ ಕಡೆ ಬಾಲದಂಥ ಕಪ್ಪು ಗೀರು ಇದ್ದರೆ ಆ ಜೋಡಣೆ ಅಲುಗಾಡುತ್ತಿದೆ. ಅಲ್ಯೂಮಿನಿಯಂ ಒಂದಕ್ಕೊಂದು ಉಜ್ಜಿದಾಗ ಬೀಳುವ ಪುಡಿ ಕಪ್ಪು. ಉಕ್ಕಿನದು ಕೆಂಗಂದು. ಒರೆಸಿ, ಕೆಲವು ಗಂಟೆ ಓಡಿಸಿ, ಮತ್ತೆ ಬಂತೇ ನೋಡಿ. ಬಂದರೆ ಆ ಉಜ್ಜಾಟದ ಕಲೆಯೇ ಬಿರುಕಿನ ತೊಟ್ಟಿಲು. ಬಿಗಿ ಕಳೆದುಕೊಂಡ ರಿವೆಟ್ ಹೊರೆಯನ್ನು ಪಕ್ಕದ ರಿವೆಟ್‌ಗೆ ದಾಟಿಸುತ್ತದೆ, ಆದ್ದರಿಂದ ಬಿರುಕು ಸಡಿಲ ರಿವೆಟ್‌ನಲ್ಲಿ ಅಲ್ಲ, ಅದರ ನೆರೆಯಲ್ಲಿ ಸಿಗಬಹುದು.

ಹುಟ್ಟಿದ ಜಾಗದಲ್ಲಿ ಬಿಳಿ ಹಿಟ್ಟಿನಂಥ ಪದಾರ್ಥ ಮತ್ತು ಕುಳಿ ಕಂಡರೆ ತುಕ್ಕು ಮೊದಲು, ದಣಿವು ಆಮೇಲೆ. ಕಾರವಾರ, ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಬೋಲ್ಟ್ ಬರಿದಾಗಿ ಹಾಕಿದರೆ ಉಪ್ಪುಗಾಳಿಯ ತೇವದಲ್ಲಿ ಅದೊಂದು ಬ್ಯಾಟರಿ ಆಗುತ್ತದೆ, ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಸೀಲಂಟ್ ಹಚ್ಚಿ ಒದ್ದೆಯಿರುವಾಗಲೇ ಬೋಲ್ಟ್ ಕೂರಿಸಿ. ತಗಡಿನ ಮೇಲೆ ಪೆನ್ಸಿಲ್‌ನಿಂದ ಗುರುತು ಮಾಡಬೇಡಿ ಎನ್ನುವುದಕ್ಕೂ ಇದೇ ಕಾರಣ, ಗ್ರಾಫೈಟ್ ಕೂಡ ಅದೇ ಕೆಲಸ ಮಾಡುತ್ತದೆ. ಬೆಳೆಯುವ ಹಂತದಲ್ಲೂ ತೇವಕ್ಕೆ ಕೈಯಿದೆ: ಬಿರುಕಿನ ತುದಿಯಲ್ಲಿ ಪ್ರತಿ ಸಲ ತೆರೆದುಕೊಳ್ಳುವ ಹೊಸ ಲೋಹದೊಂದಿಗೆ ನೀರಾವಿ ಸೇರಿ ಹೈಡ್ರೋಜನ್ ಬಿಡುತ್ತದೆ. ಅದು ಲೋಹದೊಳಗೆ ಇಳಿದು ಬಿರುಕನ್ನು ಚುರುಕುಗೊಳಿಸುತ್ತದೆ. ಒಣ ಗಾಳಿಯಲ್ಲಿ ತೆಗೆದ ಪರೀಕ್ಷಾ ಅಂಕಿಗಳನ್ನು ಮಳೆಗಾಲದ ಕರಾವಳಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಹಳೆಯ ಸೀಲಂಟ್ ಅನ್ನು ಚೂಪು ಉಪಕರಣದಿಂದ ಕೆರೆದ ಗೀರು, ತಗಡುಗಳು ಒಂದರ ಮೇಲೊಂದು ಕೂಡುವ ಅಂಚಿಗೆ ಸಮಾನಾಂತರವಾಗಿ ಇದ್ದರೆ ಅದು ಅಪಾಯ. ಎಳೆತಕ್ಕೆ ನೇರ ಅಡ್ಡವಾಗಿ ನೀವೇ ಗೆರೆ ಎಳೆದುಕೊಟ್ಟಂತೆ. ಪ್ಲಾಸ್ಟಿಕ್ ಸ್ಕ್ರೇಪರ್ ಬಿಟ್ಟು ಬೇರೇನೂ ಬಳಸಬಾರದು.

ತಲೆ ಹುದುಗುವ ರಿವೆಟ್‌ಗಾಗಿ ಕೌಂಟರ್‌ಸಿಂಕ್ (ರಂಧ್ರದ ಬಾಯಿಯ ಓರೆ ಕುಳಿ) ತುಂಬ ಆಳ ಹೋದರೆ ರಂಧ್ರದ ತಳದಲ್ಲಿ ಚಾಕುವಿನಂಥ ಅಂಚು ಉಳಿಯುತ್ತದೆ. ತಗಡಿನ ದಪ್ಪದ ಮೂರನೇ ಎರಡು ಭಾಗಕ್ಕಿಂತ ಆಳ ಬೇಡ. 1988ರ ಏಪ್ರಿಲ್ 28ರಂದು ಹವಾಯಿಯ ಮೇಲೆ ಅಲೋಹಾ ಏರ್‌ಲೈನ್ಸ್ 243ರ ಛಾವಣಿ ಸುಮಾರು 5.5 ಮೀಟರ್ ಉದ್ದಕ್ಕೆ ಹಾರಿಹೋಯಿತು. ಅದರ ಹೊರತಗಡು 0.9 ಮಿ.ಮೀ. ದಪ್ಪದ್ದು. ತಗಡುಗಳ ನಡುವಿನ ಅಂಟು ಬಿಟ್ಟುಕೊಂಡು, ತುಕ್ಕು ನುಗ್ಗಿ, ಪೂರ್ತಿ ಹೊರೆ ಈ ಚಾಕು ಅಂಚಿನ ರಂಧ್ರಗಳ ಮೇಲೆ ಬಿದ್ದಿತ್ತು. ಆ ಬೋಯಿಂಗ್ 737 ಅಷ್ಟರಲ್ಲಿ 89,680 ಬಾರಿ ಹಾರಿತ್ತು, ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಹಾರಾಟಗಳು. ಒಳಗಿನ ಗಾಳಿಯ ಒತ್ತಡ ಏರುವುದು ಹಾರಾಟಕ್ಕೊಮ್ಮೆ, ಹಾಗಾಗಿ ಅಲ್ಲಿ ಎಣಿಸಬೇಕಾದ್ದು ಗಂಟೆಗಳನ್ನಲ್ಲ, ಹಾರಾಟಗಳನ್ನು. ಒಂದು ದೊಡ್ಡ ಬಿರುಕು ಆಗಿರಲಿಲ್ಲ. ಸಾಲಿನ ರಂಧ್ರರಂಧ್ರಕ್ಕೂ ಪುಟ್ಟ ಪುಟ್ಟ ಬಿರುಕುಗಳಿದ್ದು ಒಮ್ಮೆಲೇ ಕೈಕೈ ಹಿಡಿದವು. ಒಂದು ರಂಧ್ರದಲ್ಲಿ ಬಿರುಕು ಸಿಕ್ಕರೆ ಆ ಸಾಲಿನ ಎಲ್ಲ ರಂಧ್ರಗಳನ್ನೂ ನೋಡಬೇಕು ಎನ್ನುವುದು ಇದರಿಂದಲೇ.

ಎರಕದ ಭಾಗವಾದರೆ ಹುಟ್ಟಿದ ಬಿಂದುವಿನಲ್ಲಿ ಗಾಳಿಗುಳ್ಳೆ ಇದೆಯೇ ನೋಡಿ. ಇದ್ದರೆ ಫೌಂಡ್ರಿಯ ಜೊತೆ ಮಾತಾಡಿ, ಇಲ್ಲಿ ಹೆಚ್ಚು ಹೇಳುವುದಿಲ್ಲ.

ಎಷ್ಟು ವೇಗದಲ್ಲಿ ಬೆಳೆಯಿತು

ಇಲ್ಲಿ ಲೆಕ್ಕ ಬೇಕು, ಕಷ್ಟದ್ದೇನಲ್ಲ. ಬಿರುಕಿನ ತುದಿಗೆ ಬೀಳುವ ಹೊಡೆತವನ್ನು ‘ಡೆಲ್ಟಾ ಕೆ’ ಎನ್ನುತ್ತಾರೆ. ಅಗಲವಾದ ತಗಡಿನ ನಡುವಿನ ಬಿರುಕಿಗೆ, ಪೈಯನ್ನು ಬಿರುಕಿನ ಅರ್ಧ ಉದ್ದದಿಂದ (ಮೀಟರ್‌ನಲ್ಲಿ) ಗುಣಿಸಿ ವರ್ಗಮೂಲ ತೆಗೆದು, ಅದನ್ನು ಸ್ಟ್ರೆಸ್‌ನ ಏರಿಳಿತದಿಂದ (ಮೆಗಾಪ್ಯಾಸ್ಕಲ್‌ನಲ್ಲಿ) ಗುಣಿಸಿದರೆ ಅದು ಸಿಗುತ್ತದೆ. ಅಂಚಿನಿಂದ ಹೊರಟ ಬಿರುಕಾದರೆ ಪೂರ್ತಿ ಉದ್ದ ತೆಗೆದುಕೊಂಡು 1.12ರಿಂದ ಗುಣಿಸಿ. ಒಂದು ಆವರ್ತಕ್ಕೆ ಬಿರುಕು ಎಷ್ಟು ಮುಂದೆ ಸರಿಯುತ್ತದೆ ಎನ್ನುವುದು ಡೆಲ್ಟಾ ಕೆಯ ಹೆಚ್ಚುಕಡಿಮೆ ಮೂರನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. 1960ರ ದಶಕದ ಆರಂಭದಲ್ಲಿ ಪಾಲ್ ಪ್ಯಾರಿಸ್ ಮುಂದಿಟ್ಟ ಸಂಬಂಧ ಇದು. 2024-ಟಿ3ಗೆ ಡೆಲ್ಟಾ ಕೆ 10 ಇದ್ದಾಗ ಆವರ್ತಕ್ಕೆ ಸುಮಾರು 0.0001 ಮಿ.ಮೀ. ಎಂದು ಹಿಡಿಯಬಹುದು. 7075-ಟಿ6 ಅಷ್ಟೇ ಹೊಡೆತಕ್ಕೆ ಇನ್ನೂ ಬೇಗ ಬಿಟ್ಟುಕೊಡುತ್ತದೆ, ಎಳೆತದ ಬಲದಲ್ಲಿ ಅದೇ ಮುಂದಿದ್ದರೂ. ‘ಗಟ್ಟಿ ಅಲಾಯ್ ಹಾಕಿ ಸರಿಮಾಡಿದೆವು’ ಎಂಬ ದುರಸ್ತಿ ತಿರುಗಿಬೀಳುವುದು ಹೀಗೆ.

ಸ್ಟ್ರೆಸ್ 0ಯಿಂದ 100 ಮೆಗಾಪ್ಯಾಸ್ಕಲ್‌ಗೆ ಏರಿಳಿಯುತ್ತಿದೆ ಎಂದಿಟ್ಟುಕೊಳ್ಳಿ. ಅರ್ಧ ಉದ್ದ 1 ಮಿ.ಮೀ.ಯಿಂದ 4 ಮಿ.ಮೀ. ಆಗಲು ಸುಮಾರು 57,000 ಆವರ್ತ. 4ರಿಂದ 16ಕ್ಕೆ ಸುಮಾರು 28,000. 16ರಿಂದ 25ಕ್ಕೆ ಬರೀ 5,700. ಉದ್ದ ನಾಲ್ಕು ಪಟ್ಟಾಗಲು ಪ್ರತಿ ಸಲವೂ ಹಿಂದಿನದರ ಅರ್ಧ ಆವರ್ತ ಸಾಕು. ‘ಆರು ತಿಂಗಳಿಂದ ಇದೆ, ಏನೂ ಆಗಿಲ್ಲ’ ಎಂಬ ಮಾತಿಗೆ ಈ ಅಂಕಿಗಳೇ ಉತ್ತರ. ಸ್ಟ್ರೆಸ್ ಅನ್ನು ಶೇ. 20 ಇಳಿಸಿದರೆ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎನ್ನುವುದೂ ಇದೇ ಮೂರನೇ ಘಾತದ ಕೊಡುಗೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಸಿಗುವುದಾದರೆ ಲೆಕ್ಕವನ್ನು ಹಿಂದುಮುಂದಾಗಿ ಮಾಡಬಹುದು, ಈ ಕೆಲಸದಲ್ಲಿ ಅದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಇಲ್ಲ. ಮುರಿದ ಮುಖದ ಮೇಲಿನ ಸೂಕ್ಷ್ಮ ಗೆರೆಗಳು, ಅಂದರೆ ಸ್ಟ್ರಿಯೇಷನ್‌ಗಳು, ಮಧ್ಯಮ ವೇಗದ ಹಂತದಲ್ಲಿ ಆವರ್ತಕ್ಕೊಂದರಂತೆ ಬೀಳುತ್ತವೆ. ಹತ್ತು ಗೆರೆಗಳ ಅಂತರ ಅಳೆದು ಸರಾಸರಿ ತೆಗೆಯಿರಿ. ಡೆಲ್ಟಾ ಕೆಯನ್ನು ಸ್ಥಿತಿಸ್ಥಾಪಕ ಗುಣಾಂಕದಿಂದ ಭಾಗಿಸಿ, ಬಂದದ್ದರ ವರ್ಗವನ್ನು 6ರಿಂದ ಗುಣಿಸಿದರೆ ಸುಮಾರಾಗಿ ಈ ಅಂತರ (ಮೀಟರ್‌ನಲ್ಲಿ) ಸಿಗುತ್ತದೆ. ಅಲ್ಯೂಮಿನಿಯಂಗೆ ಆ ಗುಣಾಂಕ 70,000 ಮೆಗಾಪ್ಯಾಸ್ಕಲ್. ಅರ್ಧ ಉದ್ದ 5 ಮಿ.ಮೀ. ಇರುವಲ್ಲಿ ಅಂತರ 0.2 ಮೈಕ್ರಾನ್ ಸಿಕ್ಕಿತೆನ್ನಿ. ಡೆಲ್ಟಾ ಕೆ ಸುಮಾರು 12.8, ಸ್ಟ್ರೆಸ್‌ನ ಏರಿಳಿತ ಸುಮಾರು 102 ಮೆಗಾಪ್ಯಾಸ್ಕಲ್. ಡ್ರಾಯಿಂಗ್‌ನ ಲೆಕ್ಕದಲ್ಲಿ 60 ಎಂದಿದ್ದರೆ ಉಳಿದ 42 ಎಲ್ಲಿಂದ ಬಂತು? ಸಡಿಲ ಬೋಲ್ಟ್, ಎಳೆದು ಕೂರಿಸಿದ ಹೊಂದಾಣಿಕೆಯಿಲ್ಲದ ಭಾಗ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಂಪನ. ಹುಡುಕಾಟ ಅಲ್ಲಿಂದ ಶುರು.

ಕಂಪನದ ಸಂಶಯ ಇದ್ದರೆ ಗಡಿಯಾರ ನೋಡಿ. 1500 ಆರ್‌ಪಿಎಂ ಜನರೇಟರ್ ಸೆಕೆಂಡಿಗೆ 25 ಸಲ ತಿರುಗುತ್ತದೆ, ಅಂದರೆ ಹತ್ತು ಲಕ್ಷ ಆವರ್ತ 11 ಗಂಟೆಯಲ್ಲಿ ಮುಗಿಯುತ್ತದೆ. ಹೊಸ ಬ್ರಾಕೆಟ್ ಒಂದೆರಡು ದಿನದಲ್ಲೇ ಬಿರಿದರೆ ಅನುರಣನದ (ಯಂತ್ರದ ಕಂಪನವೂ ಬ್ರಾಕೆಟ್‌ನ ಸ್ವಂತ ಆವೃತ್ತಿಯೂ ಹೊಂದಿ ಅಲುಗಾಟ ಹಿಗ್ಗುವುದು) ಕಡೆ ಬೆರಳು ತೋರಿಸಿ. ದಪ್ಪ ಹೆಚ್ಚಿಸುವ ಮುಂಚೆ ಬ್ರಾಕೆಟ್‌ಗೆ ಮೆಲ್ಲಗೆ ಸುತ್ತಿಗೆ ತಟ್ಟಿ ಅದರ ಸ್ವಂತ ಆವೃತ್ತಿ ಅಳೆಯಿರಿ. 25 ಅಥವಾ 50 ಹರ್ಟ್ಸ್ ಹತ್ತಿರ ಇದ್ದರೆ ಅದನ್ನು ಅಲ್ಲಿಂದ ದೂರ ಸರಿಸದೆ ಎಷ್ಟು ದಪ್ಪ ಹಾಕಿದರೂ ವ್ಯರ್ಥ. ದಪ್ಪವೇ ಅದನ್ನು 50ರ ಮೇಲೆ ತಂದು ಕೂರಿಸಲೂಬಹುದು.

ಮೋಸಹೋಗುವ ಸಂದರ್ಭ ಒಂದಿದೆ. ಒಮ್ಮೆ ಭಾರೀ ಹೊರೆ ಬಿದ್ದ ಮೇಲೆ ಬಿರುಕು ನಿಂತುಬಿಟ್ಟಂತೆ ಕಾಣುತ್ತದೆ. ತುದಿಯ ಮುಂದಿನ ಲೋಹ ಹಿಗ್ಗಿ, ಸುತ್ತಲಿನದು ಅದನ್ನು ಹಿಂಡಿ ಹಿಡಿದಿರುತ್ತದೆ. ಆ ವಲಯ ದಾಟಿದ ಕೂಡಲೇ ಹಳೆಯ ವೇಗ ಮರಳುತ್ತದೆ. ನಾಲ್ಕು ವಾರ ಬೆಳೆಯಲಿಲ್ಲ ಎಂದು ಫೈಲ್ ಮುಚ್ಚಬೇಡಿ.

ದುರಸ್ತಿ

ತುದಿಯಲ್ಲಿ ರಂಧ್ರ ಕೊರೆಯುವುದು ಸಮಯ ಕೊಳ್ಳುವ ಉಪಾಯ ಅಷ್ಟೇ. ಕೊರೆಯಬೇಕಾದ್ದು ಪೆನಿಟ್ರಂಟ್ ಅಥವಾ ಎಡ್ಡಿ ಕರೆಂಟ್ ತೋರಿಸಿದ ತುದಿಯಲ್ಲಿ, ಕಣ್ಣಿಗೆ ಕಂಡ ತುದಿಯಲ್ಲಲ್ಲ. ಕೊರೆದ ಮೇಲೆ ರಂಧ್ರದ ಆಚೆ ಬದಿಯನ್ನು ಮತ್ತೆ ಪರೀಕ್ಷಿಸಿ. ಅರ್ಧ ಉದ್ದ 10 ಮಿ.ಮೀ. ಇರುವ ಬಿರುಕಿಗೆ 3.2 ಮಿ.ಮೀ. ರಂಧ್ರ ಹಾಕಿದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಇನ್ನೂ ಆರು ಪಟ್ಟು ಇರುತ್ತದೆ. 6 ಮಿ.ಮೀ. ಹಾಕಿದರೂ ನಾಲ್ಕೂವರೆ ಪಟ್ಟಿನ ಮೇಲೆ. ರೀಮರ್‌ನಿಂದ ನಯಗೊಳಿಸಿ, ಎರಡೂ ಬದಿಯ ಬರ್ (ಕೊರೆದಾಗ ಉಳಿಯುವ ಚೂಪು ಅಂಚು) ತೆಗೆಯದಿದ್ದರೆ ಹೊಸ ಬಿರುಕಿಗೆ ಬಾಗಿಲು ತೆರೆದಂತೆ.

ಕಾಯಂ ದುರಸ್ತಿಯಲ್ಲಿ ಬಿರುಕಿನ ಭಾಗವನ್ನು ಮೂಲೆಗಳನ್ನು ದುಂಡಾಗಿಸಿ ಕತ್ತರಿಸಿ ತೆಗೆದು, ಅದೇ ಅಲಾಯ್‌ನ, ಮೂಲ ತಗಡಿಗಿಂತ ಒಂದು ಗೇಜ್ ಹೆಚ್ಚು ದಪ್ಪದ ಡಬ್ಲರ್ (ತೇಪೆ) ತಗಡನ್ನು ರಿವೆಟ್ ಮಾಡಬೇಕು. ರಿವೆಟ್ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡು ಪಟ್ಟು, ರಿವೆಟ್‌ಗಳ ನಡುವೆ ನಾಲ್ಕರಿಂದ ಆರು ಪಟ್ಟು, ಬಿರುಕಿನ ಎರಡೂ ಬದಿಗೆ ಕನಿಷ್ಠ ಎರಡು ಸಾಲು. ಸಾಲುಗಳ ಎಣಿಕೆ ಕಾಗದದ ಮೇಲಲ್ಲ, ಹೊರೆ ಹೊರುವ ದಾರಿಯಲ್ಲಿ ನೋಡಬೇಕು. 1978ರಲ್ಲಿ ಬಾಲ ನೆಲಕ್ಕೆ ತಾಗಿದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747ರ ಹಿಂಬದಿ ಒತ್ತಡ ಗೋಡೆಯನ್ನು ಕೂಡಿಸುವಾಗ ಒಂದೇ ಆಗಿರಬೇಕಿದ್ದ ಪಟ್ಟಿಯನ್ನು ಎರಡು ತುಂಡಾಗಿ ಹಾಕಿದರು. ನೋಡಲು ಸಾಲುಗಳು ಸರಿಯಾಗಿದ್ದವು, ಹೊರೆ ಹೊತ್ತದ್ದು ಒಂದೇ ಸಾಲು. 1985ರ ಆಗಸ್ಟ್ 12ರಂದು ಗೋಡೆ ಸೀಳಿ 520 ಜನ ಸತ್ತರು.

ವೆಲ್ಡ್ ಭಾಗಕ್ಕೆ ‘ಮೇಲೊಂದು ವೆಲ್ಡ್’ ಹಾಕುವುದು ದುರಸ್ತಿಯಲ್ಲ. 6061-ಟಿ6 ವೆಲ್ಡ್‌ನ ಪಕ್ಕದಲ್ಲಿ ಬಿಸಿಗೆ ಮೆತ್ತಗಾಗಿ ಅರ್ಧದಷ್ಟು ಬಲ ಕಳೆದುಕೊಂಡಿರುತ್ತದೆ. ಅಲಾಯ್ ಬದಲಿಸಿದರೂ ವೆಲ್ಡ್ ಅಂಚಿನ ದಣಿವಿನ ಬಲ ಹೆಚ್ಚೇನೂ ಏರುವುದಿಲ್ಲ. ಫಿಲೆಟ್ ವೆಲ್ಡ್‌ಗೆ (ಎರಡು ತುಂಡು ಕೂಡುವ ಮೂಲೆಯಲ್ಲಿ ತುಂಬುವ ವೆಲ್ಡ್) 20 ಲಕ್ಷ ಆವರ್ತದ ಲೆಕ್ಕದಲ್ಲಿ 20ರಿಂದ 30 ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲೇ ವಿನ್ಯಾಸ ಮಾಡುತ್ತಾರೆ. ವೆಲ್ಡ್ ಅನ್ನು ಕಡಿಮೆ ಸ್ಟ್ರೆಸ್ ಇರುವ ಜಾಗಕ್ಕೆ ಸರಿಸಿ. ಅದಾಗದಿದ್ದರೆ ಅಂಚನ್ನು ಗೀರು ಎಳೆತದ ದಿಕ್ಕಿಗೇ ಬರುವಂತೆ ನಯವಾಗಿ ಗ್ರೈಂಡ್ ಮಾಡಿ.

ತಪಾಸಣೆಯ ಅಂತರವನ್ನು ಮೇಲಿನ ಲೆಕ್ಕದಿಂದಲೇ ತೆಗೆಯಬಹುದು. ಕಣ್ಣಿಗೆ ಅರ್ಧ ಉದ್ದ 4 ಮಿ.ಮೀ. ಇದ್ದಾಗ ಮಾತ್ರ ಸಿಗುತ್ತದೆ, ಭಾಗ ತಾಳಿಕೊಳ್ಳುವ ಗಡಿ 25 ಮಿ.ಮೀ. ಎಂದರೆ ನಡುವೆ ಇರುವುದು 34,000 ಆವರ್ತ. ಮೂರರಿಂದ ಭಾಗಿಸಿ, 11,000ಕ್ಕೊಮ್ಮೆ ನೋಡಿ. ಎಡ್ಡಿ ಕರೆಂಟ್ 1 ಮಿ.ಮೀ.ಯಲ್ಲೇ ಹಿಡಿದರೆ ಅದೇ ಅಂತರ 30,000ಕ್ಕೆ ಹೋಗುತ್ತದೆ.

ದುರಸ್ತಿಯಾದ ಮೇಲೆ ಮುಂದಿನ ಬಿರುಕು ಹುಟ್ಟುವುದು ಡಬ್ಲರ್‌ನ ಹೊರಸಾಲಿನ ರಿವೆಟ್‌ಗಳ ಬಳಿ, ಕೆಳಗಿನ ತಗಡಿನಲ್ಲಿ, ಹೊರಗಿನಿಂದ ಕಾಣದಂತೆ. ಚೀನಾ ಏರ್‌ಲೈನ್ಸ್ 611ರಲ್ಲಿ ಆದದ್ದು ಅದೇ. 1980ರಲ್ಲಿ ಬಾಲ ನೆಲಕ್ಕೆ ತಾಗಿ ಗೀರು ಬಿದ್ದ ತಗಡನ್ನು ಕತ್ತರಿಸದೆ ಮೇಲೆ ಡಬ್ಲರ್ ಹೊಡೆದರು. ಗೀರುಗಳು ಅದರ ಅಂಚಿನಾಚೆಗೂ ಹಬ್ಬಿದ್ದವು. 22 ವರ್ಷದ ಮೇಲೆ, 2002ರ ಮೇ 25ರಂದು, ವಿಮಾನ ತೈವಾನ್ ಜಲಸಂಧಿಯ ಮೇಲೆ ಚೂರಾಯಿತು, 225 ಜನ ಸತ್ತರು. ಅದಕ್ಕೆ ಕೆಲವು ತಿಂಗಳ ಮುಂಚಿನ ತಪಾಸಣೆಯ ಫೋಟೋಗಳಲ್ಲೇ ಡಬ್ಲರ್ ಸುತ್ತ ಕಂದು ಕಲೆಗಳಿದ್ದವು: ವಿಮಾನದೊಳಗೆ ಸಿಗರೇಟ್ ಸೇದಲು ಬಿಡುತ್ತಿದ್ದ ವರ್ಷಗಳ ಹೊಗೆ ಬಿರುಕಿನಿಂದ ಸೋರಿ ಮೆತ್ತಿಕೊಂಡದ್ದು. ಈಗ ಆ ಹೊಗೆ ಇಲ್ಲ. ಅಂಚಿನಲ್ಲಿ ಕೊಳೆಯ ಗೀರು, ಎಣ್ಣೆಯ ಜಿನುಗು, ಬಿರಿದ ಪೇಂಟ್ ಯಾವುದು ಕಂಡರೂ ಡಬ್ಲರ್ ಬಿಚ್ಚಿ ನೋಡಿ. ಬಿಚ್ಚಲಾಗದಿದ್ದರೆ ಕಡಿಮೆ ಆವೃತ್ತಿಯ ಎಡ್ಡಿ ಕರೆಂಟ್ ಅನ್ನು ಹೊರಸಾಲಿನ ಒಂದೊಂದು ರಿವೆಟ್‌ನ ಮೇಲೂ ಆಡಿಸಿ, ಬಂದ ಸಂಕೇತವನ್ನು ರಿವೆಟ್ ಸಂಖ್ಯೆ ಸಮೇತ ಬರೆದಿಡಿ, ಮುಂದಿನ ಸಲದ್ದರ ಜೊತೆ ಹೋಲಿಸಲು.